ಒಂದು ಬೀದಿಯಷ್ಟು ದೂರ

ಮೊಟ್ಟೆ ಬೇಯಿಸುವುದನ್ನು ಅಡುಗೆ ಎಂದು ಯಾರೂ ಕರೆಯುವುದಿಲ್ಲ. ನೀರಿಗೆ ಹಾಕಿ ಒಲೆಯ ಮೇಲಿಟ್ಟರೆ ಅದರ ಪಾಡಿಗೆ ಅದು ಬೇಯುತ್ತದೆ, ಪಕ್ಕದಲ್ಲಿ ನಿಂತು ಕಾಯಬೇಕಾದ್ದೇನೂ ಇಲ್ಲ. ಆದರೂ ನಾನು ನಿಲ್ಲುತ್ತೇನೆ. ನೀರು ಕುದಿ ಬಂದು ಮೊಟ್ಟೆಗಳು ಪಾತ್ರೆಯ ತಳಕ್ಕೂ ಅಂಚಿಗೂ ಟಕಟಕನೆ ತಾಗತೊಡಗಿದರೆ ಸಾಕು, ಇದು ಮೊಟ್ಟೆಯ ಸದ್ದಲ್ಲ, ಸಿರಿಂಜಿನ ಸದ್ದು ಎಂದು ನನ್ನ ಕಿವಿ ಹೇಳುತ್ತದೆ. ನಿಮ್ಮಲ್ಲಿ ಕೆಲವರಿಗೆ ತಿಳಿದಿರಲಿಕ್ಕಿಲ್ಲ, ಆಗಿನ ಸಿರಿಂಜು ಗಾಜಿನದು. ಒಬ್ಬರಿಗೆ ಚುಚ್ಚಿ ಎಸೆಯುವಂಥದ್ದಲ್ಲ, ತೊಳೆದು, ಕುದಿಸಿ, ಆರಿಸಿ ಮತ್ತೊಬ್ಬರಿಗೆ ಬಳಸುವಂಥದ್ದು. ಬೆಳಿಗ್ಗೆ ಎದ್ದು ಸೀಮೆಎಣ್ಣೆ ಸ್ಟೌ ಹಚ್ಚಿ, ಅಗಲ ಬಾಯಿಯ ಪಾತ್ರೆಯಲ್ಲಿ ಸಿರಿಂಜು ಸೂಜಿಗಳನ್ನು ಕುದಿಯಲು ಇಟ್ಟರೆ ನನ್ನ ದಿನ ಶುರುವಾಗುತ್ತಿತ್ತು. ಬೀದಿಯ ಉಳಿದ ಮನೆಗಳಲ್ಲಿ ಆ ಹೊತ್ತಿಗೆ ಮುದ್ದೆಗೆ ಎಸರು ಕುದಿಯುತ್ತಿತ್ತು, ನನ್ನಲ್ಲಿ ಸೂಜಿ ಕುದಿಯುತ್ತಿತ್ತು. ನಾನು ಕೆಲಸ ಮಾಡುತ್ತಿದ್ದ ಕೋಣೆಗೆ ಊರವರು ಇಟ್ಟ ಹೆಸರೂ ಅದೇ: ಸೂಜಿಮನೆ.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಶಿಡ್ಲಘಟ್ಟ ತಾಲ್ಲೂಕಿನ ಮೇಲೂರಿನಲ್ಲಿ ಬಸ್ಸಿಳಿದು, ಹಿಪ್ಪುನೇರಳೆ ತೋಟಗಳ ನಡುವಿನ ಗಾಡಿದಾರಿಯಲ್ಲಿ ಎರಡು ಮೈಲಿ ನಡೆದರೆ ಸಿಗುವ ಹಳ್ಳಿಗೆ ನಾನು ನರ್ಸಾಗಿ ಹೋದೆ. ನನಗೆ ಇಪ್ಪತ್ಮೂರು ವರ್ಷ. ಆಸ್ಪತ್ರೆ ಎಂಬ ಕಟ್ಟಡ ಅಲ್ಲಿರಲಿಲ್ಲ. ಪಿಳ್ಳೇಗೌಡರೆಂಬ ಜಮೀನ್ದಾರರು ತಮ್ಮ ಮನೆಯ ಬೀದಿಬದಿಯ ಕೋಣೆಯನ್ನು ಬಿಟ್ಟುಕೊಟ್ಟಿದ್ದರು. ಅದುವರೆಗೆ ಅಲ್ಲಿ ಬಿತ್ತನೆಯ ಆಲೂಗಡ್ಡೆ ಇಡುತ್ತಿದ್ದರಂತೆ. ಗೋಡೆಗೆ ಎಷ್ಟು ಸಲ ಸುಣ್ಣ ಬಳಿಸಿದರೂ ಮಳೆ ಬಿದ್ದೊಡನೆ ಮಣ್ಣಿನ ತಣ್ಣನೆಯ ವಾಸನೆ ಡೆಟಾಲಿನ ವಾಸನೆಯನ್ನು ಹಿಂದೆ ಹಾಕಿ ಏಳುತ್ತಿತ್ತು. ನಾನು ಸಂಕೋಚದಿಂದ, ನಿಮಗೆ ಜಾಗ ಇಕ್ಕಟ್ಟಾಯಿತಲ್ಲ ಎಂದಾಗ ಗೌಡರು, "ಆಲೂಗಡ್ಡೆ ಎಲ್ಲಾದ್ರೂ ಬಿದ್ದಿರ್ತದೆ ಕಣಮ್ಮ. ಜನ ದಾರೀಲಿ ಬಿದ್ದಿರಬಾರ್ದು" ಎಂದರು. ಅವರ ಹಿರಿಯ ಮಗಳು ಹೆರಿಗೆಯ ನೋವಿನಲ್ಲಿ, ಚಿಕ್ಕಬಳ್ಳಾಪುರಕ್ಕೆ ಹೋಗುವ ಎತ್ತಿನ ಗಾಡಿಯಲ್ಲಿಯೇ ತೀರಿಕೊಂಡಿದ್ದಳೆಂಬುದು ನನಗೆ ಆಮೇಲೆ ಬೇರೆಯವರಿಂದ ತಿಳಿಯಿತು. ಗುರುವಾರ ಗುರುವಾರ ಚಿಕ್ಕಬಳ್ಳಾಪುರದಿಂದ ಡಾಕ್ಟರು ಬರುತ್ತಿದ್ದರು. ಉಳಿದ ಆರು ದಿನ ಆ ಕೋಣೆಗೂ ಊರಿನ ಕೆಮ್ಮು ಜ್ವರ ಗಾಯಗಳಿಗೂ ನಾನೊಬ್ಬಳೇ.

ಬಡವರಿಗೆ ಆಸ್ಪತ್ರೆ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ನಾವು ಔಷಧಿಯ ಮಾತಾಡುತ್ತೇವೆ. ನನಗನ್ನಿಸುವಂತೆ ಬಡವರಿಗೆ ಔಷಧಿಗಿಂತ ಮೊದಲು ಬೇಕಾದದ್ದು ಹತ್ತಿರ ಎಂಬುದು. ಔಷಧಿ ಲೋಕದಲ್ಲಿ ಎಲ್ಲೋ ಇದ್ದೇ ಇರುತ್ತದೆ. ಅದಕ್ಕೂ ಕಾಯಿಲೆಯ ಹಾಸಿಗೆಗೂ ನಡುವೆ ಬಿದ್ದಿರುವ ದಾರಿಯೇ ಎಷ್ಟೋ ಸಲ ಜನರನ್ನು ಕೊಲ್ಲುತ್ತದೆ. ಇದನ್ನು ನಾನು ಪುಸ್ತಕದಿಂದ ಕಲಿತವಳಲ್ಲ. ಗೌರಿಬಿದನೂರಿನ ನಮ್ಮ ಮನೆಯ ಹಿತ್ತಲ ಕೋಣೆಯಲ್ಲಿ ನನ್ನ ಅಮ್ಮ ಎರಡು ವರ್ಷ ಕೆಮ್ಮಿದಳು. ಅಪ್ಪ ಅಲೀಪುರಕ್ಕೆ ನಡೆದು ಹೋಗಿ ಅಲ್ಲಿನ ಹಕೀಮರಿಂದ ಲೇಹ್ಯ ತರುತ್ತಿದ್ದರು; ಅದು ಸಿಹಿಯಾಗಿರುತ್ತಿತ್ತು, ಅಷ್ಟೇ. ನನಗಾಗ ಹತ್ತು ವರ್ಷ, ತಮ್ಮನಿಗೆ ನಾಲ್ಕು. ಸೋದರತ್ತೆ ನನ್ನ ಭುಜ ಹಿಡಿದು ಹೊಸ್ತಿಲಿನಿಂದ ಈಚೆಗೇ ನಿಲ್ಲಿಸುತ್ತಿದ್ದಳು. ತಮ್ಮ ಮಾತ್ರ ಯಾರ ಕಣ್ಣಿಗೂ ಬೀಳದೆ ನುಸುಳಿ ಅಮ್ಮನ ಮಡಿಲು ಸೇರಿಬಿಡುತ್ತಿದ್ದ. ಅಮ್ಮ ಹೋದ ವರ್ಷದೊಳಗೆ ಅವನೂ ಅದೇ ಕೆಮ್ಮು ಕೆಮ್ಮಿ ಹೋದ. ಹೊಸ್ತಿಲು ದಾಟದ್ದಕ್ಕೇ ನೀನು ಉಳಿದೆ ಎಂದು ಎಲ್ಲರೂ ಹೇಳಿದರು, ನಾನೂ ನಂಬಿದೆ. ಆದರೆ ಉಳಿದವಳಿಗೆ ಉಳಿದದ್ದೇನು? ಅರೆ ತೆರೆದ ಬಾಗಿಲಿನ ಆಚೆಯಿಂದ "ಊಟ ಆಯ್ತಾ ಸರೋಜಾ?" ಎನ್ನುವ ಒಂದು ದನಿ. ಅಮ್ಮನ ಕೈ ಬೆಚ್ಚಗಿತ್ತೋ ತಣ್ಣಗಿತ್ತೋ ನನಗೆ ಇಂದಿಗೂ ನೆನಪಿಲ್ಲ, ಮತ್ತು ಅದನ್ನು ನೆನೆಸಿಕೊಳ್ಳಲು ನಾನು ಪಟ್ಟಷ್ಟು ಪಾಡನ್ನು ಬೇರೆ ಯಾವುದಕ್ಕೂ ಪಟ್ಟಿಲ್ಲ.

ಇಷ್ಟನ್ನು ಹೇಳದಿದ್ದರೆ ಲಕ್ಷ್ಮೀದೇವಿಯ ವಿಷಯದಲ್ಲಿ ನಾನು ನಡೆದುಕೊಂಡದ್ದು ನಿಮಗೆ ಬರಿಯ ಕ್ರೌರ್ಯವಾಗಿ ಕಂಡೀತು. ಹೇಳಿದ ಮೇಲೂ ಹಾಗೆ ಕಂಡರೆ ನಾನು ವಾದಿಸುವುದಿಲ್ಲ.

ಲಕ್ಷ್ಮೀದೇವಿ ಕೆಳಗಿನ ಬೀದಿಯ ನಾರಾಯಣಪ್ಪನ ಹೆಂಡತಿ. ಗಂಡಹೆಂಡತಿ ಇಬ್ಬರೂ ರೇಷ್ಮೆ ಗೂಡನ್ನು ಬಿಸಿನೀರಲ್ಲಿ ಬೇಯಿಸಿ ನೂಲು ತೆಗೆಯುವ ಕೆಲಸದವರು. ಅವಳ ಬೆರಳ ತುದಿಗಳು ಸದಾ ನೀರಲ್ಲಿ ನೆನೆದು ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಅವಳು ಮೊದಲ ಸಲ ಸೂಜಿಮನೆಗೆ ಬಂದದ್ದು ತನಗಾಗಿ ಅಲ್ಲ, ಏಳು ತಿಂಗಳ ಮಗಳು ಪದ್ಮಳ ಸೋರುವ ಕಿವಿಗಾಗಿ. ನಾನು ಕಿವಿ ಒರೆಸುತ್ತಿದ್ದಷ್ಟು ಹೊತ್ತೂ ಅವಳು ಮುಖವನ್ನು ಹೆಗಲಿಗೆ ಒತ್ತಿಕೊಂಡು ಸಣ್ಣಗೆ ಕೆಮ್ಮುತ್ತಿದ್ದಳು. ಆ ಕೆಮ್ಮನ್ನು ನಾನು ಹತ್ತನೆಯ ವಯಸ್ಸಿನಿಂದ ಬಲ್ಲೆ.

"ಎಷ್ಟು ದಿನದಿಂದ ಕೆಮ್ಮು?" ಎಂದೆ.

"ಗೂಡು ಬೇಯ್ಸೋ ಹಬೆ ಅಲ್ವಾ ನರ್ಸಮ್ಮ, ಎಲ್ಲಾರ್ಗೂ ಇರ್ತದೆ. ನಂದು ಬಿಡಿ, ಮಗೂದು ನೋಡಿ."

ಬಿಡಲಿಲ್ಲ. ಗುರುವಾರ ಡಾಕ್ಟರು ನೋಡಿದರು, ಕಫ ಚಿಕ್ಕಬಳ್ಳಾಪುರಕ್ಕೆ ಹೋಯಿತು, ಮುಂದಿನ ಗುರುವಾರ ಫಲಿತಾಂಶ ಬಂತು. ಕ್ಷಯ. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಹಾಸಿಗೆ ಸಿಗುವಷ್ಟರಲ್ಲಿ ಎಷ್ಟು ತಿಂಗಳಾದೀತೋ ಯಾರು ಕಂಡರು. ಡಾಕ್ಟರು ಕನ್ನಡಕ ತೆಗೆದು ಒರೆಸುತ್ತ, "ಇಲ್ಲೇ ಕೊಡೋಣ. ದಿನಾ ಸೂಜಿ, ದಿನಾ ಮಾತ್ರೆ, ಒಂದೂವರೆ ವರ್ಷ. ನೀವಿದ್ದೀರಲ್ಲ" ಎಂದರು. ನನ್ನ ಅಮ್ಮನಿಗೆ ಇರದಿದ್ದ ಆ 'ನೀವು' ಈಗ ನಾನಾಗಿದ್ದೆ. ಆ ಕ್ಷಣ ನನಗಾದ ಹೆಮ್ಮೆಯನ್ನು ಮುಚ್ಚಿಡಲಾರೆ. ಹೊರಡುವ ಮುನ್ನ ಅವರು ಇನ್ನೊಂದು ಮಾತು ಹೇಳಿದರು: ಕಫ ಶುದ್ಧವಾಗುವವರೆಗೆ ಮಗುವನ್ನು ದೂರ ಇಟ್ಟರೆ ಒಳ್ಳೆಯದು.

ಅದನ್ನು ಲಕ್ಷ್ಮೀದೇವಿಗೆ ದಾಟಿಸಿದವಳು ನಾನು. ದಾಟಿಸುವಾಗ ಮಾತು ಬದಲಾಯಿತು. "ಮೈ ಪೂರ್ತಿ ವಾಸಿ ಆಗೋವರೆಗೂ ಮಗೂನ ಮುಟ್ಟಬಾರದು" ಎಂದೆ.

"ಹಾಲು?"

"ಬಿಡಿಸಬೇಕು."

"ಎಷ್ಟು ದಿನ ನರ್ಸಮ್ಮ?"

"ನಾನು ಹೇಳೋವರೆಗೂ."

ಅವಳು ಸೆರಗಿನ ತುದಿಯಿಂದ ಮಗುವಿನ ಕಿವಿ ಒರೆಸುತ್ತಿದ್ದಳು. ನನ್ನ ಮಾತು ಕೇಳಿ ಆ ಕೈ ನಡುವೆಯೇ ನಿಂತಿತು. ಸೆರಗನ್ನು ನಿಧಾನವಾಗಿ ಒಳಕ್ಕೆ ಮಡಚಿಕೊಂಡು, ಮಗುವನ್ನು ಬೆಂಚಿನ ಮೇಲೆ ಮಲಗಿಸಿ, ಒಂದು ಹೆಜ್ಜೆ ಹಿಂದೆ ಸರಿದು ನಿಂತಳು. ಹಾಗೆ ಪಾಲಿಸಿಬಿಡುತ್ತಾಳೆಂದು ನಾನು ಎಣಿಸಿರಲಿಲ್ಲ.

ಅವಳ ಅತ್ತೆ ಅಕ್ಕಯ್ಯಮ್ಮನವರಿಗೆ ಸುದ್ದಿ ಹೇಳಲು ನಾನೇ ಹೋದೆ, ಸೊಸೆಯನ್ನು ತವರಿಗೆ ಅಟ್ಟಿಬಿಟ್ಟಾರೆಂಬ ಭಯದಿಂದ. ಅವರು ಆಂಧ್ರದ ಗಡಿಯ ಕಡೆಯಿಂದ ಬಂದವರು, ಮನೆಯಲ್ಲಿ ಅರ್ಧ ಮಾತು ತೆಲುಗಿನಲ್ಲೇ. ಎಲ್ಲವನ್ನೂ ಕೇಳಿ ಬಾಯಲ್ಲಿದ್ದ ಎಲೆಯಡಿಕೆಯನ್ನು ಉಗಿದು ಬಂದು, "ಸೊಸೆ ಎಲ್ಲಿಗೂ ಹೋಗಾಕಿಲ್ಲ. ಹೋಗೋದಾದ್ರೆ ನಾನೇ ಹೋಗ್ತೀನಿ, ಮಗೂನ ಎತ್ಕೊಂಡು" ಎಂದರು. ತೀರಿಹೋದ ಅವರ ಅಕ್ಕನ ಪುಟ್ಟ ಮನೆ ಖಾಲಿ ಬಿದ್ದಿತ್ತು. ಅದು ಸೂಜಿಮನೆಗೆ ಸರಿಯಾಗಿ ಎದುರಿಗೆ. ಮರುದಿನವೇ ಅಜ್ಜಿ ಮೊಮ್ಮಗಳು ಅಲ್ಲಿಗೆ ಬಂದರು. ಎರಡು ಗಾಡಿ ಎದುರುಬದುರಾದರೆ ಕಷ್ಟಪಟ್ಟು ದಾಟುವಷ್ಟು ಅಗಲದ ಬೀದಿ. ಆ ಬದಿಗೆ ಮಗು, ಈ ಬದಿಗೆ ಸೂಜಿ.

ದಿನವೂ ಬಿಸಿಲು ಏರುವ ಹೊತ್ತಿಗೆ ಲಕ್ಷ್ಮೀದೇವಿ ಬರುತ್ತಿದ್ದಳು. ಎಡಕ್ಕೆ ಒಂದು ದಿನ, ಬಲಕ್ಕೆ ಒಂದು ದಿನ ಸೂಜಿ. ಆಮೇಲೆ ಹೊಟ್ಟೆ ತೊಳಸುವ ಆ ದೊಡ್ಡ ದೊಡ್ಡ ಮಾತ್ರೆಗಳು. ಎಲ್ಲ ಮುಗಿಸಿ ಸೂಜಿಮನೆಯ ಜಗುಲಿಯ ಮೇಲೆ, ಕಂಬಕ್ಕೆ ಒರಗಿ ಕೂರುತ್ತಿದ್ದಳು. ತಲೆಸುತ್ತು ಇಳಿಯಲಿ ಎಂದು ಕೂತೆ ಎನ್ನುವುದು ಅವಳ ನೆಪ. ಎದುರಿನ ಬಾಗಿಲಲ್ಲಿ ಅಕ್ಕಯ್ಯಮ್ಮ ಮಗುವನ್ನು ಎರಡೂ ಕಂಕುಳಲ್ಲಿ ಹಿಡಿದು ಎತ್ತಿ, "ಚೂಡು ತಲ್ಲೀ, ಅಮ್ಮನ್ನ ಚೂಡು" ಎಂದು ಕುಣಿಸುತ್ತಿದ್ದರು. ನೋಡು, ಅಮ್ಮನನ್ನು ನೋಡು. ಮಗುವಿಗೆ ಅದೊಂದು ಆಟ. ಬೀದಿಯಾಚೆ ಕೂತು ಕೈಬೀಸುವ ಹೆಂಗಸು ಆ ಆಟದ ಒಂದು ಭಾಗ, ಗಾಡಿ ಎತ್ತುಗಳಂತೆ, ಕಾಗೆಯಂತೆ.

ಒಂದು ಬೆಳಿಗ್ಗೆ ಅಕ್ಕಯ್ಯಮ್ಮ ಅಲ್ಲಿಂದಲೇ ಕೂಗಿ ಹೇಳಿದರು, "ಲಕ್ಷ್ಮೀ, ಹಲ್ಲು ಬಂದದೆ ಕಣೇ."

"ಎಲ್ಲಿ ಅತ್ತೆ? ಮೇಲೋ, ಕೆಳಗೋ?"

"ಕೆಳಗೆ. ಅಕ್ಕಿಕಾಳಿನಂಗೆ ಒಂದು."

ಇಷ್ಟು ದೂರದಿಂದ ಅಕ್ಕಿಕಾಳು ಕಂಡೀತೆ? ಲಕ್ಷ್ಮೀದೇವಿ ಕತ್ತು ಮುಂದೆ ಚಾಚಿ ನೋಡಿದಳು. ಆಮೇಲೆ ತನ್ನ ಕೆಳದವಡೆಯ ಹಲ್ಲುಗಳ ಮೇಲೆ ತಾನೇ ನಾಲಿಗೆಯಾಡಿಸುತ್ತ, ಎಲ್ಲಿ ಬಂದಿರಬಹುದು ಎಂದು ಹುಡುಕುವವಳಂತೆ ಸುಮ್ಮನೆ ಕೂತಳು.

ಔಷಧಿ ಹಿಡಿಯಿತು. ಮೂರು ತಿಂಗಳಿಗೆ ಕೆಮ್ಮು ತಗ್ಗಿತು, ಕೆನ್ನೆಗೆ ಮಾಂಸ ಬಂತು. ಅವಳು ಬದುಕುತ್ತಿರುವುದನ್ನು ನೋಡಿ ಸುತ್ತಲ ಹಳ್ಳಿಗಳಿಂದ, ಕೆಮ್ಮನ್ನು ಬಚ್ಚಿಟ್ಟುಕೊಂಡಿದ್ದವರು ಒಬ್ಬೊಬ್ಬರಾಗಿ ಬರತೊಡಗಿದರು. ಬಿತ್ತನೆ ಆಲೂಗಡ್ಡೆಯ ಆ ಕೋಣೆಯಲ್ಲಿ ಕೂರಲು ಜಾಗ ಸಾಲದೆ ಗೌಡರು ಜಗುಲಿಗೂ ಚಪ್ಪರ ಹಾಕಿಸಿದರು. ಐದನೆಯ ತಿಂಗಳು ಡಾಕ್ಟರು ಚೀಟಿ ನೋಡಿ ಹೇಳಿದರು: "ಎರಡು ಸಲ ಪರೀಕ್ಷೆ ಆಗಿದೆ, ಕಫದಲ್ಲಿ ಏನೂ ಇಲ್ಲ. ಔಷಧಿ ಮಾತ್ರ ನಿಲ್ಲಿಸಬೇಡಿ. ಇನ್ನು ಮಗೂನ ತಾಯಿಗೆ ಕೊಡಬಹುದು."

"ಆಗಲಿ ಸಾರ್" ಎಂದೆ.

ನಾಳೆ ಹೇಳಿದರಾಯಿತು ಎಂದುಕೊಂಡೆ. ಮರುದಿನ ಅವಳು ಬಂದಳು, ಜಗುಲಿ ಹತ್ತುವಾಗ ಒಂದೇ ಒಂದು ಸಲ ಕೆಮ್ಮಿದಳು. ಬೀದಿಯ ದೂಳಿಗೆ ಯಾರಾದರೂ ಕೆಮ್ಮುವಂಥ ಕೆಮ್ಮು. ನನಗೆ ಮಾತ್ರ ಹಿತ್ತಲ ಕೋಣೆಯೊಳಕ್ಕೆ ನುಸುಳಿ ಹೋಗುತ್ತಿದ್ದ ನನ್ನ ತಮ್ಮನ ಸಣ್ಣ ಬೆನ್ನು ಕಂಡಿತು. ಇನ್ನೊಂದು ತಿಂಗಳು ನೋಡೋಣ ಎಂದು ಮನಸ್ಸು ಹೇಳಿತು, ಆ ತಿಂಗಳು ಮುಗಿದಾಗಲೂ ಅದನ್ನೇ ಹೇಳಿತು. ಅಷ್ಟರಲ್ಲಿ ಆ ಡಾಕ್ಟರಿಗೆ ಬೇರೆ ಕಡೆಗೆ ವರ್ಗವಾಯಿತು. ಹೊಸದಾಗಿ ಬಂದವರಿಗೆ ಚೀಟಿಯಲ್ಲಿ ಬರೆದ ಔಷಧಿ ಕಾಣುತ್ತಿತ್ತು, ಬೀದಿಯಾಚೆಯ ಮಗು ಕಾಣುತ್ತಿರಲಿಲ್ಲ. ಈಗ ಆ ವಿಷಯ ನನಗೊಬ್ಬಳಿಗೇ ಗೊತ್ತು. ನಾನು ಸುಳ್ಳು ಹೇಳಲಿಲ್ಲ ಎಂದು ಎಷ್ಟೋ ವರ್ಷ ಸಮಾಧಾನ ಮಾಡಿಕೊಂಡೆ. ನಿಜ, ಹೇಳಲಿಲ್ಲ, ಅವಳು ಕೇಳುವುದನ್ನೇ ನಿಲ್ಲಿಸಿದ್ದಳು.

ಅವರೆಕಾಯಿಯ ಕಾಲ. ಅಕ್ಕಯ್ಯಮ್ಮ ಎದುರಿನ ಮೆಟ್ಟಿಲ ಮೇಲೆ ಕೂತು ಕಾಯಿ ಸುಲಿಯುತ್ತಿದ್ದರು. ವರ್ಷ ತುಂಬಿದ್ದ ಪದ್ಮ ಬಾಗಿಲ ಕಂಬ ಹಿಡಿದು ನಿಂತಿದ್ದಳು. ಲಕ್ಷ್ಮೀದೇವಿ ಸೂಜಿ ಹಾಕಿಸಿಕೊಂಡು ಎಂದಿನಂತೆ ಜಗುಲಿಯ ಮೇಲೆ ಕೂತಿದ್ದಳು, ನಾನು ಅವಳ ಹಿಂದೆ ಬಾಗಿಲ ಪಕ್ಕದಲ್ಲಿದ್ದೆ. ಮಗು ಕಂಬ ಬಿಟ್ಟಿತು. ಅದುವರೆಗೆ ಅದು ಹೆಜ್ಜೆ ಹಾಕಿದ್ದನ್ನು ಯಾರೂ ನೋಡಿರಲಿಲ್ಲ. ಒಂದು ಹೆಜ್ಜೆ, ಎರಡು. ತಗ್ಗು ಮೆಟ್ಟಿಲಿನಿಂದ ಬೀದಿಗೆ ಇಳಿದೇಬಿಟ್ಟಿತು. ಬೀದಿ ಖಾಲಿಯಿತ್ತು. ಕೈಗಳೆರಡನ್ನೂ ಮೇಲೆತ್ತಿಕೊಂಡು, ದಿನಾ ಕೈಬೀಸುವ ಆ ಹೆಂಗಸಿನ ಕಡೆಗೇ ನೇರವಾಗಿ ಬರತೊಡಗಿತು.

ಲಕ್ಷ್ಮೀದೇವಿ ಎದ್ದು ಜಗುಲಿಯಿಂದ ಇಳಿದಳು. ಅವಳ ತೋಳುಗಳು ತಾವಾಗಿಯೇ ಮುಂದಕ್ಕೆ ಬಂದವು. ಆಗ ಅವಳು ತಿರುಗಿ ನನ್ನನ್ನು ನೋಡಿದಳು. ನಾನು ತಲೆಯಾಡಿಸಿದ್ದರೆ ಸಾಕಿತ್ತು. ಆರು ವಾರದ ಹಿಂದೆಯೇ ಆಡಿಸಬೇಕಾಗಿದ್ದ ತಲೆ. ನನ್ನ ಕತ್ತು ಕಲ್ಲಾಗಿತ್ತು.

ಅವಳು ತೋಳು ಮಡಚಿಕೊಂಡಳು. ಹಿಂದಕ್ಕೆ ಒಂದು ಹೆಜ್ಜೆ ಇಟ್ಟಳು. ಮಗು ಇನ್ನೂ ಬರುತ್ತಲೇ ಇತ್ತು. ಇನ್ನೊಂದು ಹೆಜ್ಜೆ, ಮತ್ತೊಂದು. ಬೆನ್ನಿಗೆ ಜಗುಲಿ ತಾಗಿದಾಗ ತಟ್ಟನೆ ತಿರುಗಿ, ನನ್ನನ್ನು ಸವರಿಕೊಂಡೇ ಒಳಗೆ ಓಡಿ, ಒಳಗಿನಿಂದ ಬಾಗಿಲು ಹಾಕಿಕೊಂಡಳು. ಮಗಳ ಮೊದಲ ನಡಿಗೆಗೆ ತಾಯಿ ಹಿಂದೆ ಹಿಂದೆ ನಡೆದದ್ದನ್ನು ನಾನು ಈ ಕಣ್ಣುಗಳಿಂದ ನೋಡಿದೆ. ಎದುರಿಗಿದ್ದ ಮುಖ ಇಲ್ಲವಾದದ್ದನ್ನು ಕಂಡು ಮಗು ಗಲಿಬಿಲಿಗೊಂಡು, ಬೀದಿಯ ನಡುವೆ ಕುಕ್ಕರಿಸಿ ಬಿದ್ದು ಅಳತೊಡಗಿತು. ಅಕ್ಕಯ್ಯಮ್ಮ ಮಡಿಲಿನ ಅವರೆಕಾಯಿ ಚೆಲ್ಲಿಕೊಂಡು ಓಡಿ ಬಂದು ಎತ್ತಿಕೊಂಡರು.

"ಇನ್ನೂ ಎಷ್ಟು ದಿನ ನರ್ಸಮ್ಮ?" ಎಂದು ಅವರು ಮೆಲ್ಲಗೆ ಕೇಳಿದರು.

"ಇನ್ನು ಸ್ವಲ್ಪ ದಿನ" ಎಂದೆ.

ನಾನು ಬಾಗಿಲು ತಟ್ಟಿದೆ. ಲಕ್ಷ್ಮೀದೇವಿ ತೆಗೆದಳು. ಕಣ್ಣಲ್ಲಿ ನೀರಿರಲಿಲ್ಲ. ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಅಡಗಿಸಿಕೊಂಡು ನಿಂತಿದ್ದಳು. "ಎಷ್ಟು ಹೆಜ್ಜೆ ಹಾಕಿದ್ಲು ಕೊನೆಗೆ?" ಎಂದು ಕೇಳಿದಳು. "ನಾನು ನಾಲ್ಕು ಎಣಿಸಿದೆ, ಆಮೇಲೆ ಕಾಣಿಸಲಿಲ್ಲ."

"ಒಂಬತ್ತು" ಎಂದೆ.

"ಒಂಬತ್ತಾ" ಎಂದಳು, ಜೋಪಾನವಾಗಿ ತೆಗೆದಿಟ್ಟುಕೊಳ್ಳುವವಳಂತೆ.

ನಮ್ಮ ನುಡಿಯಲ್ಲಿ ಮದ್ದಿಗೂ ಮುದ್ದಿಗೂ ನಡುವೆ ಇರುವುದು ಒಂದು ಕೊಂಬು ಮಾತ್ರ. ಬರೆಯುವ ಕೈ ಮರೆತರೆ ಒಂದು ಇನ್ನೊಂದಾಗಿಬಿಡುತ್ತದೆ. ನಾನು ಮದ್ದು ಕೊಡಲೆಂದು ಆ ಊರಿಗೆ ಹೋದವಳು. ಒಂದು ಜೀವಕ್ಕೆ ಮದ್ದು ಕೊಟ್ಟ ಕೈಯಿಂದಲೇ ಎರಡು ಜೀವಗಳ ಮುದ್ದನ್ನು ತಡೆಹಿಡಿದೆ. ಭಯ ಎಂಬುದು ಎಷ್ಟು ಸುಲಭವಾಗಿ ನಿಯಮದ ಉಡುಪು ತೊಟ್ಟುಬಿಡುತ್ತದೆ ನೋಡಿ. ಬಿಳಿ ಸೀರೆ ಉಟ್ಟವಳ ಬಾಯಿಂದ ಬಂದರೆ ಅದನ್ನು ಯಾರೂ ಭಯ ಎನ್ನುವುದಿಲ್ಲ, ಪಥ್ಯ ಎನ್ನುತ್ತಾರೆ. ದೂರದ ಊರಿನಲ್ಲಿದ್ದ ಆಸ್ಪತ್ರೆಯನ್ನು ಜನರ ಬಾಗಿಲಿಗೆ ತಂದೆವೆಂದು ನಾವೆಲ್ಲ ಸಂತೋಷಪಟ್ಟೆವು. ಆ ಬಾಗಿಲಲ್ಲಿ ನಿಂತ ನಾನು ಇನ್ನೊಂದು ದೂರವನ್ನು ಸೃಷ್ಟಿಸಿದೆ. ಅದನ್ನು ದಾಟಲು ಯಾವ ಗಾಡಿಯೂ ಇರಲಿಲ್ಲ.

ಒಂದೂವರೆ ವರ್ಷ ತುಂಬಿತು. ಕೊನೆಯ ಸೂಜಿ ಹಾಕಿದ ದಿನ ನಾನೇ ಲಕ್ಷ್ಮೀದೇವಿಯ ಜೊತೆ ಬೀದಿ ದಾಟಿದೆ. ಅವಳು ತಲೆಗೆ ಸ್ನಾನ ಮಾಡಿ, ಮಡಿಸಿಟ್ಟಿದ್ದ ಮದುವೆಯ ಸೀರೆ ಉಟ್ಟು ಬಂದಿದ್ದಳು. ಎರಡು ವರ್ಷದ ಪದ್ಮ ಅಜ್ಜಿಯ ಸೀರೆಯ ನೆರಿಗೆ ಹಿಡಿದು ನಿಂತಿದ್ದಳು. ಲಕ್ಷ್ಮೀದೇವಿ ಮೊಣಕಾಲೂರಿ ಕೂತು, "ಬಾ ಪದ್ಮಮ್ಮ, ಬಾ ಕಂದ" ಎಂದು ಕೈಚಾಚಿದಳು. ಮಗು ಅಷ್ಟು ಹತ್ತಿರ ಬಂದ ಆ ಮುಖವನ್ನು ದಿಟ್ಟಿಸಿತು. ಆಮೇಲೆ ಅಜ್ಜಿಯಿಂದ ಕಲಿತ ತೆಲುಗಿನಲ್ಲಿ, "ವದ್ದು" ಎಂದಿತು. ಬೇಡ. ಮುಖವನ್ನು ನೆರಿಗೆಗಳಲ್ಲಿ ಹುದುಗಿಸಿಕೊಂಡಿತು.

ಅಕ್ಕಯ್ಯಮ್ಮ ಅತ್ತರು, ನಾನೂ ಅತ್ತೆ. ಅಳದವಳು ಲಕ್ಷ್ಮೀದೇವಿ ಒಬ್ಬಳೇ. "ಬಿಡಿ ಅತ್ತೆ. ದೂರದಿಂದ ನೋಡಿದ್ದೋಳು, ಹತ್ರ ಬಂದ್ರೆ ಯಾರೋ ಅನ್ಸತ್ತೆ" ಎಂದು ಸೆರಗು ಕೊಡವಿಕೊಂಡು ಎದ್ದಳು. ಆಮೇಲೆ ಒಂದು ಮಳೆಗಾಲವಿಡೀ ಬೇಕಾಯಿತು. ಮಗು ತಾಯಿಗೆ ಹೊಂದಿಕೊಳ್ಳಲಿ ಎಂದು ಅಕ್ಕಯ್ಯಮ್ಮ ನೆಂಟರ ಮನೆ ಎಂದು ನೆಪ ಹೇಳಿ ವಾರಗಟ್ಟಲೆ ಊರು ಬಿಟ್ಟು ಹೋಗುತ್ತಿದ್ದರು. ಅಷ್ಟು ದಿನ ಅವರೂ ಆ ಮಗುವಿಗಾಗಿ ಹಂಬಲಿಸಿರಬೇಕು. ಕಡೆಗೊಂದು ಬೆಳಿಗ್ಗೆ ಲಕ್ಷ್ಮೀದೇವಿ ಸೂಜಿಮನೆಯ ಮುಂದೆ ಹಾದುಹೋಗುತ್ತ, "ನಿನ್ನೆ ನನ್ನ ಪಕ್ಕದಲ್ಲೇ ಮಲಗಿದ್ಲು ನರ್ಸಮ್ಮ" ಎಂದು ಹೇಳಿ ಹೋದಳು. ಡಾಕ್ಟರು ಹೇಳಿದ್ದನ್ನು ನಾನು ಆಗಲೂ ಹೇಳಲಿಲ್ಲ. ಆ ಊರಿನಲ್ಲಿದ್ದ ಉಳಿದ ವರ್ಷಗಳಲ್ಲೂ ಹೇಳಲಿಲ್ಲ. ನನ್ನನ್ನು ಕಂಡಾಗಲೆಲ್ಲ ಅವಳು ಜೀವ ಉಳಿಸಿದ ತಾಯಿ ಎಂದು ಕೈಮುಗಿಯುತ್ತಿದ್ದಳು. ನಾನು ಬೇರೆ ಯಾವುದಾದರೂ ಬೀದಿಯಲ್ಲಿ ಹೋಗಲು ಕಲಿತೆ.

ನನಗೆ ಚಿಂತಾಮಣಿಗೆ ವರ್ಗವಾಯಿತು. ಅಲ್ಲಿ ಅರವತ್ತರ ದಶಕದ ಕೊನೆಯ ಹೊತ್ತಿಗೆ, ಎಳೆಗೂಸನ್ನು ಎತ್ತಿಕೊಂಡು ಕೆಮ್ಮುತ್ತ ಒಬ್ಬ ಹುಡುಗಿ ಬಂದಳು. ಮಗು ಎಷ್ಟು ದಿನ ದೂರ ಇರಬೇಕು ಎಂದು ಅದೇ ಪ್ರಶ್ನೆ ಕೇಳಿದಳು. "ಕಫ ಶುದ್ಧ ಆಗೋವರೆಗೆ" ಎಂದೆ. ನಾಲ್ಕನೆಯ ತಿಂಗಳು ಶುದ್ಧವಾಯಿತು. ನಾನೇ ಮಗುವನ್ನು ಎತ್ತಿ ಅವಳ ಮಡಿಲಿಗಿಟ್ಟೆ. ಏನೂ ಆಗಲಿಲ್ಲ. ವರ್ಷ ಕಳೆಯಿತು, ಮಗು ಗುಂಡಗೆ ಬೆಳೆಯಿತು, ಏನೂ ಆಗಲಿಲ್ಲ. ಆ 'ಏನೂ ಆಗಲಿಲ್ಲ' ಎಂಬುದು ಬೇರೆಯವರಿಗೆ ಎಂಥ ಒಳ್ಳೆಯ ಸುದ್ದಿ. ನನ್ನ ಭಯ ಸರಿಯೇ ಎಂದು ನಾನು ಅದುವರೆಗೆ ಒರಗಿ ನಿಂತಿದ್ದ ಗೋಡೆ ಅದರಿಂದ ಬಿದ್ದುಹೋಯಿತು. ಮುಂದಿನ ಭಾನುವಾರ ಮೇಲೂರಿನ ಬಸ್ಸು ಹತ್ತಿದೆ.

ಲಕ್ಷ್ಮೀದೇವಿ ನಡುಮನೆಯಲ್ಲಿ ಕೂತು ಮೊರದಲ್ಲಿ ಗೂಡು ಆರಿಸುತ್ತಿದ್ದಳು. ದಪ್ಪಗಾಗಿದ್ದಳು, ಕೂದಲಲ್ಲಿ ಒಂದೆರಡು ಬಿಳಿ. ಚಾಪೆ ಹಾಸಿ, ನೀರು ಕೊಟ್ಟು, ಹತ್ತಿರ ಕೂತಳು. ನಾನು ಸುತ್ತಿ ಬಳಸದೆ ಹೇಳಿದೆ. ಐದನೆಯ ತಿಂಗಳಿಗೇ ಡಾಕ್ಟರು ಮಗುವನ್ನು ಕೊಡಬಹುದು ಎಂದಿದ್ದರು. ನಾನು ನಿನಗೆ ತಿಳಿಸಲಿಲ್ಲ. ಉಳಿದ ಹದಿಮೂರು ತಿಂಗಳು ನೀನು ದೂರವಿದ್ದದ್ದು ಕಾಯಿಲೆಯಿಂದಲ್ಲ, ನನ್ನಿಂದ.

ಅವಳ ಕೈ ಗೂಡುಗಳ ನಡುವೆ ನಿಂತಿತು. "ಯಾಕೆ?" ಎಂದಳು.

ಅಮ್ಮನ ಕಥೆ ಹೇಳಿದೆ, ತಮ್ಮನ ಕಥೆ ಹೇಳಿದೆ. ಅವಳು ಕೇಳಿದ್ದು ಒಂದೇ: "ನಿಮ್ಮಮ್ಮ ನಿಮ್ಮನ್ನ ಎಷ್ಟು ದಿನ ಮುಟ್ಟಿರಲಿಲ್ಲ?"

"ಎರಡು ವರ್ಷ. ಆಮೇಲೆ ಮುಟ್ಟೋಕೆ ಅವಳೇ ಇರಲಿಲ್ಲ."

ಅವಳು ತಲೆದೂಗಿದಳು. ಅದು ಕ್ಷಮೆಯೇನಲ್ಲ, ನಾನು ಹಾಗೆ ಓದಿಕೊಳ್ಳಲಿಲ್ಲ. ಮೊರದಿಂದ ಒಂದು ಗೂಡು ತೆಗೆದು, ಒಳಗಿನ ಹುಳು ಸದ್ದು ಮಾಡುತ್ತದೆಯೇ ಎಂದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಕೆಳಗಿಟ್ಟಳು.

"ನೀವು ಹೇಳ್ದೆ ಇದ್ದಿದ್ರೆ ಚೆನ್ನಾಗಿತ್ತು ನರ್ಸಮ್ಮ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು. "ಪದ್ಮ ನನ್ ಹತ್ರ ಜಾಸ್ತಿ ಮಾತಾಡಲ್ಲ. ಏನಿದ್ರೂ ಅಜ್ಜಿ ಹತ್ರಾನೇ. ಜ್ವರ ಬಂದ್ರೂ ಅಜ್ಜೀನೇ ಅವ್ವಾ ಅಂತ ಕರೀತಾಳೆ. ನಾನು ಅಂದ್ಕೋತಿದ್ದೆ, ಇರ್ಲಿ, ಅವಳ ಜೀವ ಉಳೀಲಿ ಅಂತ ನಾನು ಬಿಟ್ಟುಕೊಟ್ಟಿದ್ದು ಇದು ಅಂತ. ಹಾಲು ಕೊಡೋಕಾಗ್ಲಿಲ್ಲ, ಇದನ್ನಾದ್ರೂ ಕೊಟ್ಟೆ ಅಂತ. ಈಗ ನೀವು ಬಂದು, ಕೊಡಬೇಕಾಗೇ ಇರ್ಲಿಲ್ಲ ಅಂತೀರಿ."

ನನ್ನ ಮನಸ್ಸು ಹಗುರ ಮಾಡಿಕೊಳ್ಳಲು ನಾನು ಅಷ್ಟು ದೂರ ಹೋಗಿದ್ದೆ. ಭಾರ ಎಲ್ಲಿಗೂ ಹೋಗುವುದಿಲ್ಲ, ಒಬ್ಬರ ತಲೆಯಿಂದ ಇಳಿಸಿದರೆ ಇನ್ನೊಬ್ಬರ ತಲೆಗೆ ಹತ್ತುತ್ತದೆ ಎಂಬುದು ಆ ಚಾಪೆಯ ಮೇಲೆ ಕೂತು ನನಗೆ ಅರ್ಥವಾಯಿತು. ಎರಡನೆಯ ಸಲವೂ ಅವಳಿಂದ ಏನನ್ನೋ ಕಸಿದಿದ್ದೆ.

"ಅವಳಿಗೆ ಹೇಳ್ಬೇಡಿ" ಎಂದಳು ಲಕ್ಷ್ಮೀದೇವಿ. "ಅತ್ತೆಗೂ ಬೇಡ. ಅವ್ರು ತಡ್ಕೊಳ್ಳಲ್ಲ."

"ಇಲ್ಲ" ಎಂದೆ.

ಆಗಲೇ ಹಿತ್ತಿಲ ಬಾಗಿಲಿನಿಂದ ಹತ್ತು ವರ್ಷದ ಒಂದು ಹುಡುಗಿ ಹಿಪ್ಪುನೇರಳೆ ಸೊಪ್ಪಿನ ಕುಕ್ಕೆ ಹೊತ್ತುಕೊಂಡು ಬಂದಳು. ಉದ್ದನೆಯ ಕಾಲು, ಅಜ್ಜಿಯ ಹಾಗೆ ಅಗಲ ಹಣೆ. ಕುಕ್ಕೆ ಇಳಿಸಿ, ನನ್ನನ್ನು ಒಮ್ಮೆ ನೋಡಿ, "ಅವ್ವ ಎಲ್ಲಿ?" ಎಂದು ತಾಯಿಯನ್ನು ಕೇಳಿದಳು.

"ತೋಟಕ್ಕೆ ಹೋಗವ್ರೆ. ನೀನು ಬಾ ಇಲ್ಲಿ, ಜಡೆ ಹಾಕ್ತೀನಿ."

"ಬೆಳಿಗ್ಗೆ ಅವ್ವ ಹಾಕೈತಲ್ಲ."

"ಸಡಿಲಾಗ್ಬಿಟ್ಟದೆ. ಬಾ."

ಜಡೆ ಸಡಿಲಾಗಿರಲಿಲ್ಲ. ಎಣ್ಣೆ ಹಚ್ಚಿ, ಬಿಗಿದು, ಕೆಂಪು ಟೇಪು ಕಟ್ಟಿದ ಅಚ್ಚುಕಟ್ಟಾದ ಜಡೆ. ಹುಡುಗಿಗೂ ಅದು ಗೊತ್ತಿತ್ತು. ಮನೆಗೆ ಬಂದವರ ಎದುರು ವಾದ ಬೇಡವೆಂದೋ ಏನೋ ಬಂದು ತಾಯಿಯ ಮುಂದೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು. ಲಕ್ಷ್ಮೀದೇವಿ ಟೇಪು ಬಿಚ್ಚಿದಳು. ಎಳೆ ಎಳೆಯಾಗಿ ಕೂದಲು ಬಿಡಿಸಿ, ನೀರಲ್ಲಿ ನೆನೆದು ಸುಕ್ಕುಗಟ್ಟಿದ ಆ ಬೆರಳುಗಳಿಂದ ನೆತ್ತಿಯಿಂದ ತುದಿಯವರೆಗೆ ನಿಧಾನವಾಗಿ ಸಿಕ್ಕು ತೆಗೆದಳು. ಸಿಕ್ಕೇ ಇರಲಿಲ್ಲ. ಮೂರು ಎಳೆ ಮಾಡಿ ಹೆಣೆಯತೊಡಗಿದಳು. ಮೇಲೂರಿನ ಕಡೆಯಿಂದ ನಾನು ಹಿಂದಿರುಗಬೇಕಿದ್ದ ಬಸ್ಸಿನ ಹಾರ್ನ್ ಕೇಳಿಸಿತು, ಯಾರೂ ಅಲುಗಾಡಲಿಲ್ಲ. ನೆಟ್ಟಗಿದ್ದ ಹುಡುಗಿಯ ಬೆನ್ನು ಸ್ವಲ್ಪ ಸ್ವಲ್ಪವೇ ಸಡಿಲವಾಗಿ, ತಲೆ ಹಿಂದಕ್ಕೆ ವಾಲಿ ತಾಯಿಯ ಮೊಣಕಾಲಿಗೆ ತಾಗಿತು. ಜಡೆ ತುದಿಗೆ ಬಂತು. ಟೇಪು ಕಟ್ಟುವ ಬದಲು ಲಕ್ಷ್ಮೀದೇವಿ ಅದನ್ನು ಬಿಚ್ಚಿ, ಮತ್ತೆ ನೆತ್ತಿಯಿಂದ ಶುರುಮಾಡಿದಳು. ಹುಡುಗಿ ತಾಯಿಯ ಮೊಣಕಾಲಿಗೆ ಒರಗಿಯೇ ಇದ್ದಳು.